ಅಜ್ಜ ಬಂದ ದಾರಿ – ಹಳೆಯ ದಾಖಲೆಗಳಲ್ಲಿ ಹಿರಿಯರನ್ನು ಹುಡುಕುವ ಪಾಠ



‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಗಾದೆ ನಿಮಗೆಲ್ಲ ಗೊತ್ತು. ನಮ್ಮ ಹಿರಿಯರು ದೇಶ ಸುತ್ತಿದವರು. ಊರಿನಿಂದ ಮುಂಬೈಗೆ, ಮುಂಬೈಯಿಂದ ಹಡಗಿನಲ್ಲಿ ಈ ಮುತ್ತಿನ ದ್ವೀಪಕ್ಕೆ ಬಂದವರು. ಅವರ ಹೆಸರು ಯಾವುದೋ ಒಂದು ಪುಸ್ತಕದಲ್ಲಿ, ಯಾರದೋ ಕೈಬರಹದಲ್ಲಿ ಇಂದಿಗೂ ಉಳಿದಿರಬಹುದು. ಆ ಕೋಶವನ್ನು ಓದುವ ಕೆಲಸ ನಮ್ಮದು. ಅದನ್ನು ಹೇಗೆ ಓದುವುದು ಎಂಬುದೇ ಈ ಲೇಖನದ ಪಾಠ.

ಒಂದು ವರ್ಷ ನಾನು ಕನ್ನಡ ತರಗತಿಯಲ್ಲಿ ಒಂದು ಮನೆಗೆಲಸ ಕೊಟ್ಟಿದ್ದೆ. ‘ನಿಮ್ಮ ಮನೆತನದಲ್ಲಿ ಮೊದಲು ಬಹರೈನ್‌ಗೆ ಬಂದವರು ಯಾರು? ಹತ್ತು ವಾಕ್ಯಗಳಲ್ಲಿ ಬರೆಯಿರಿ.’ ಹೆಚ್ಚಿನವರು ‘ನನ್ನ ಅಪ್ಪ’ ಎಂದು ಬರೆದರು. ಕೆಲವರು ‘ನನ್ನ ಮಾವ’ ಎಂದರು. ಒಬ್ಬ ಹುಡುಗಿ ಮಾತ್ರ ಹತ್ತರ ಬದಲು ಮೂರೇ ವಾಕ್ಯ ಬರೆದಿದ್ದಳು. ‘ನನ್ನ ಅಪ್ಪನ ಅಜ್ಜನಿಗೆ ಒಬ್ಬ ತಮ್ಮ ಇದ್ದರು. ಅವರು ಹಡಗಿನಲ್ಲಿ ಬಹರೈನ್‌ಗೆ ಬಂದರಂತೆ. ಮತ್ತೆ ಊರಿಗೆ ಬರಲಿಲ್ಲ.’

ಅಂಕ ಕೊಡುವ ಮೊದಲು ಅವಳನ್ನು ಕರೆದು ಕೇಳಿದೆ. ಅವಳದು ಉಡುಪಿ ಕಡೆಯ ಕ್ರೈಸ್ತ ಕುಟುಂಬ, ಮನೆಮಾತು ಕೊಂಕಣಿ. ಆ ಸಣ್ಣಜ್ಜನ ವಿಷಯ ಮನೆಯಲ್ಲಿ ಯಾರೂ ಮಾತಾಡುವುದಿಲ್ಲವಂತೆ. ‘ಹಣ ಕಂಡ ಮೇಲೆ ಮನೆ ಮರೆತ, ಅಲ್ಲೇ ಮದುವೆಯಾಗಿ ಉಳಿದ’ ಎಂಬುದೇ ಎಲ್ಲರಿಗೂ ಗೊತ್ತಿದ್ದ ಕತೆ. ಅವರ ಒಬ್ಬ ತಂಗಿ ಮಾತ್ರ ಊರಿನಲ್ಲಿ ಇನ್ನೂ ಇದ್ದಾರೆ, ಎಂಬತ್ತೇಳು ವರ್ಷ. ‘ಆ ಅಜ್ಜಿ ಮಾತ್ರ ಹಾಗೆ ಹೇಳುವುದಿಲ್ಲ ಮಿಸ್, ಸುಮ್ಮನಿರುತ್ತಾರೆ’ ಎಂದಳು ಹುಡುಗಿ. ಅವಳೂ ನಾನೂ ಸೇರಿ ಆ ಸಣ್ಣಜ್ಜನನ್ನು ಹುಡುಕಲು ಹೊರಟೆವು. ಅವಳ ತಂದೆತಾಯಿಯ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು, ಆ ಹುಡುಕಾಟವನ್ನೇ ಇಲ್ಲಿ ಉದಾಹರಣೆಯಾಗಿ ಬಳಸುತ್ತಿದ್ದೇನೆ.

ನಾರ್ವೆಯವರು ಹೇಗೆ ಹುಡುಕುತ್ತಾರೆ?

ವಲಸೆ ಹೋದ ಹಿರಿಯರನ್ನು ಹುಡುಕುವುದರಲ್ಲಿ ನಾರ್ವೆ ದೇಶದವರು ಬಹಳ ಮುಂದೆ ಇದ್ದಾರೆ. ಮೊದಲು ಅವರ ಕ್ರಮವನ್ನು ನೋಡೋಣ. 1825ರ ಜುಲೈ 4ರಂದು ‘ರೆಸ್ಟೋರೇಷನ್’ ಎಂಬ ಪುಟ್ಟ ಹಾಯಿಹಡಗು 52 ಜನರನ್ನು ಹೊತ್ತು ನಾರ್ವೆಯ ಸ್ಟಾವಂಗರ್ ಊರಿನಿಂದ ಅಮೆರಿಕಕ್ಕೆ ಹೊರಟಿತು. ದಾರಿಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಅಕ್ಟೋಬರ್ 9ರಂದು ನ್ಯೂಯಾರ್ಕ್ ತಲುಪಿದಾಗ ಅವರು 53 ಜನ. ಮುಂದಿನ ನೂರು ವರ್ಷಗಳಲ್ಲಿ ಎಂಟು ಲಕ್ಷ ಜನ ಆ ಸಣ್ಣ ದೇಶವನ್ನು ಬಿಟ್ಟುಹೋದರು. ಅವರ ಮರಿಮಕ್ಕಳು ಈಗ ತಮ್ಮ ಬೇರು ಹುಡುಕುತ್ತಾ ಬರುತ್ತಾರೆ. ಅವರಿಗೆ ನೆರವಾಗುವುದು ಮುಖ್ಯವಾಗಿ ಎರಡು ಬಗೆಯ ಪುಸ್ತಕ.

ಒಂದು, ಚರ್ಚಿನ ಪುಸ್ತಕ. ಹುಟ್ಟಿದ ಮಗುವಿನ ಜ್ಞಾನಸ್ನಾನ, ಮದುವೆ, ಸಾವು ಎಲ್ಲವನ್ನೂ ಧರ್ಮಗುರುಗಳು ಅದರಲ್ಲಿ ಬರೆಯುತ್ತಿದ್ದರು. ಊರು ಬಿಟ್ಟು ಹೋದವರ ಪಟ್ಟಿಯನ್ನೂ ಇಡುತ್ತಿದ್ದರು. 1812ರಲ್ಲಿ ಒಂದು ಒಳ್ಳೆಯ ನಿಯಮ ಬಂತು. ಈ ಪುಸ್ತಕಕ್ಕೆ ಎರಡನೆಯ ಪ್ರತಿ ಇರಬೇಕು, ಎರಡೂ ಒಂದೇ ಸೂರಿನ ಕೆಳಗೆ ಇರಬಾರದು. ಒಂದು ಕಟ್ಟಡ ಸುಟ್ಟರೂ ಇನ್ನೊಂದು ಪ್ರತಿ ಉಳಿಯುತ್ತದೆ. ಎರಡು, ಪೊಲೀಸರ ವಲಸೆ ಪುಸ್ತಕ. 1867ರಿಂದ ಹಡಗು ಹತ್ತುವವರ ಹೆಸರು, ವಯಸ್ಸು, ಊರು, ಹೋಗುವ ಸ್ಥಳ ಇವುಗಳನ್ನು ಬಂದರಿನ ಪೊಲೀಸರು ಬರೆದಿಟ್ಟರು. ಈ ಪುಸ್ತಕಗಳ ಪುಟಗಳನ್ನು ಈಗ ಆ ದೇಶದ ದಾಖಲೆ ಇಲಾಖೆ ಕಂಪ್ಯೂಟರಿನಲ್ಲಿ ಉಚಿತವಾಗಿ ನೋಡಲು ಬಿಟ್ಟಿದೆ.

ಅವರಿಗೂ ಒಂದು ತೊಡಕು ಇದೆ. ಹಿಂದೆ ಅವರಿಗೆ ನಿಂತ ಮನೆತನದ ಹೆಸರು ಇರಲಿಲ್ಲ. ಊಲೆಯ ಮಗ ‘ಊಲ್ಸೆನ್’, ಅವನ ಮಗನಿಗೆ ಬೇರೆ ಹೆಸರು. ಗುರುತಿಗಾಗಿ ತಾವು ವಾಸಿಸುವ ಜಮೀನಿನ ಹೆಸರನ್ನು ಕೊನೆಗೆ ಸೇರಿಸುತ್ತಿದ್ದರು. ಜಮೀನು ಬದಲಾದರೆ ಹೆಸರೂ ಬದಲು. 1923ರ ಕಾನೂನಿನ ನಂತರವೇ ಅಲ್ಲಿ ಕುಟುಂಬದ ಹೆಸರು ಎಲ್ಲರಿಗೂ ನಿಂತದ್ದು. ತಂದೆಯ ಹೆಸರು, ಮನೆಯ ಹೆಸರು ಸೇರಿಸಿ ಮನುಷ್ಯನನ್ನು ಗುರುತಿಸುವುದು ನಮ್ಮ ಕರಾವಳಿಯವರಿಗೆ ಹೊಸದೇನಲ್ಲ, ಅಲ್ಲವೇ?

ನಮ್ಮಲ್ಲಿ ಅಂಥ ಪುಸ್ತಕ ಇದೆಯೇ?

ಭಾರತೀಯರ ವಲಸೆಗೂ ಅಂಥ ದಾಖಲೆ ಇದೆ. ಕಬ್ಬಿನ ತೋಟಗಳಿಗೆ ಕರಾರಿನ ಮೇಲೆ ಹೋದ ನಮ್ಮ ಕೂಲಿಗಳಿಗೆ ಒಬ್ಬೊಬ್ಬರಿಗೂ ಒಂದು ವಲಸೆ ಚೀಟಿ ಇರುತ್ತಿತ್ತು. ಹಡಗಿನ ಹೆಸರು, ವ್ಯಕ್ತಿಯ ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ತಾಲೂಕು, ಗ್ರಾಮ, ಎತ್ತರ, ಮೈಮೇಲಿನ ಗುರುತು ಎಲ್ಲ ಅದರಲ್ಲಿ ಇರುತ್ತಿತ್ತು. 1879ರಿಂದ 1916ರವರೆಗೆ ಫಿಜಿ ದ್ವೀಪಗಳಿಗೆ ಹೋದ ಅರುವತ್ತು ಸಾವಿರಕ್ಕೂ ಹೆಚ್ಚು ಜನರ ಚೀಟಿಗಳು ಹೀಗೆ ತುಂಬಲ್ಪಟ್ಟವು. ಮಾರಿಷಸ್‌ಗೆ ಹೋದವರ ದಾಖಲೆಗಳು ಅಲ್ಲಿನ ಮೋಕಾ ಎಂಬಲ್ಲಿರುವ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿವೆ. ಅಲ್ಲಿನವರು ಚೀಟಿಯನ್ನು ಹಿಡಿದು ಭಾರತಕ್ಕೆ ಬಂದು ಮುತ್ತಜ್ಜನ ಗ್ರಾಮವನ್ನು ಹುಡುಕಿದ್ದುಂಟು.

ಕೊಲ್ಲಿ ದೇಶಗಳಿಗೆ ಬಂದವರ ಕತೆ ಬೇರೆ. ಬಹರೈನ್‌ನಲ್ಲಿ 1932ರಲ್ಲಿ ಎಣ್ಣೆ ಸಿಕ್ಕಿತು, 1936ರಲ್ಲಿ ಸಂಸ್ಕರಣಾಗಾರ ಶುರುವಾಯಿತು. ಗುಮಾಸ್ತ, ಫಿಟ್ಟರ್, ಅಡುಗೆಯವ, ಡ್ರೈವರ್ ಎಂದು ನಮ್ಮವರು ಬರತೊಡಗಿದರು. ಆದರೆ ತೋಟದ ಕೂಲಿಗಳಿಗೆ ಇದ್ದಂತೆ ಎಲ್ಲವೂ ಇರುವ ಒಂದೇ ಚೀಟಿ ಇವರಿಗೆ ಇಲ್ಲ. ಇವರ ಗುರುತು ಚೂರುಚೂರಾಗಿ ಹತ್ತು ಕಡೆ ಇದೆ. ಚೂರುಗಳನ್ನು ಜೋಡಿಸುವವರು ನಾವೇ.

ಮೊದಲ ಹೆಜ್ಜೆ: ಮನೆಯ ಹಿರಿಯರನ್ನು ಕೇಳುವುದು

ಹುಡುಕಾಟ ಕಂಪ್ಯೂಟರಿನಿಂದ ಶುರುವಾಗುವುದಿಲ್ಲ, ಮನೆಯ ಜಗಲಿಯಿಂದ ಶುರುವಾಗುತ್ತದೆ. ಹಿರಿಯರನ್ನು ‘ಯಾವ ವರ್ಷ?’ ಎಂದು ಕೇಳಿದರೆ ‘ನೆನಪಿಲ್ಲ ಮಗಾ’ ಎನ್ನುತ್ತಾರೆ. ಹಾಗಾಗಿ ಘಟನೆ ಹಿಡಿದು ಕೇಳಬೇಕು. ‘ಅವರು ಹೋಗುವಾಗ ನಿಮಗೆ ಮದುವೆ ಆಗಿತ್ತೇ? ನೀವು ಎಷ್ಟನೆಯ ಕ್ಲಾಸಿನಲ್ಲಿದ್ದಿರಿ? ಊರಿಗೆ ಬಸ್ಸು ಬಂದಿತ್ತೇ?’ ಹೀಗೆ ಕೇಳಿದರೆ ವರ್ಷ ತಾನಾಗಿ ಹೊರಗೆ ಬರುತ್ತದೆ.

ಇಲ್ಲಿ ನನ್ನ ಒಂದು ತಪ್ಪನ್ನೂ ಹೇಳಬೇಕು. ನನ್ನ ಅಜ್ಜಿಯ ತಂದೆ ಹುಡುಗನಾಗಿದ್ದಾಗಲೇ ಮುಂಬೈಗೆ ಹೋಗಿ ಹೋಟೆಲಿನಲ್ಲಿ ದುಡಿದವರು. ಹಗಲು ಲೋಟ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು ಎಂದಷ್ಟೇ ನನಗೆ ಗೊತ್ತು. ಯಾವ ಹೋಟೆಲು, ಯಾವ ಶಾಲೆ ಎಂದು ಅಜ್ಜಿಯನ್ನು ಒಮ್ಮೆಯೂ ಕೇಳಲಿಲ್ಲ. ರಜೆಗೆ ಹೋದಾಗಲೆಲ್ಲ ‘ಮುಂದಿನ ಸಲ ಕೇಳೋಣ’ ಎಂದುಕೊಂಡೆ. ಈಗ ಅಜ್ಜಿ ಇಲ್ಲ. ಮುಂಬೈಯ ಎಷ್ಟೋ ಕನ್ನಡ ರಾತ್ರಿ ಶಾಲೆಗಳೂ ಮುಚ್ಚಿಹೋಗಿವೆ. ಪುಸ್ತಕ ಕಪಾಟಿನಲ್ಲಿ ಕಾದೀತು, ಅಜ್ಜಿ ಕಾಯುವುದಿಲ್ಲ. ಅದಕ್ಕೇ ಇದು ಮೊದಲ ಹೆಜ್ಜೆ.

ನಮ್ಮ ಹುಡುಗಿ ಬೇಸಿಗೆ ರಜೆಯಲ್ಲಿ ಊರಿಗೆ ಹೋದಳು, ಅಜ್ಜಿಯನ್ನು ಕೇಳಿದಳು. ಮೊದಲೆರಡು ದಿನ ಅಜ್ಜಿ ಏನೂ ಹೇಳಲಿಲ್ಲ. ಮೂರನೆಯ ದಿನ ಮಂಚದ ಕೆಳಗಿನಿಂದ ಒಂದು ತಗಡಿನ ಪೆಟ್ಟಿಗೆ ಎಳೆದರಂತೆ. ಅದರಲ್ಲಿ ಎರಡು ಲಕೋಟೆ, ಎರಡು ಪತ್ರ, ಒಂದು ಫೋಟೋ ಇದ್ದವು.

ಎರಡನೆಯ ಹೆಜ್ಜೆ: ಪತ್ರ, ಸ್ಟಾಂಪು, ಹಣ

ಪತ್ರಗಳು ಕೊಂಕಣಿಯಲ್ಲಿದ್ದವು, ಲಿಪಿ ಕನ್ನಡ. ಕರಾವಳಿಯ ಕ್ರೈಸ್ತರು ಕೊಂಕಣಿಯನ್ನು ಕನ್ನಡ ಅಕ್ಷರದಲ್ಲೇ ಬರೆಯುವುದು ವಾಡಿಕೆ. ಹುಡುಗಿಯ ತಂದೆ ಓದಿದ್ದು ಬೇರೆ ರಾಜ್ಯದಲ್ಲಿ, ಅವರಿಗೆ ಕನ್ನಡ ಅಕ್ಷರ ಬರುವುದಿಲ್ಲ. ಅಜ್ಜಿಗೆ ಕಣ್ಣು ಮಂಜು. ಅರುವತ್ತು ವರ್ಷದ ಹಿಂದಿನ ಆ ಪತ್ರಗಳನ್ನು ಅಜ್ಜಿಗೆ ಓದಿ ಹೇಳಿದ್ದು ನಮ್ಮ ತರಗತಿಯಲ್ಲಿ ಕಾಗುಣಿತ ಕಲಿತ ಈ ಹುಡುಗಿ. ‘ಕನ್ನಡ ಕಲಿತು ಏನು ಪ್ರಯೋಜನ ಮಿಸ್?’ ಎಂದು ಕೇಳುವವರಿಗೆ ನನ್ನ ಬಳಿ ಈಗ ಒಂದು ಉತ್ತರ ಇದೆ.

ಎರಡೂ ಪತ್ರಗಳಲ್ಲಿ ದಿನ, ತಿಂಗಳು ಇತ್ತು, ವರ್ಷ ಇರಲಿಲ್ಲ. ಅಂಚೆಯ ಮುದ್ರೆ ಮಸಿ ಹರಡಿ ಅಳಿಸಿಹೋಗಿತ್ತು. ಇಂಥ ಹೊತ್ತಿನಲ್ಲಿ ಸ್ಟಾಂಪೇ ಸಾಕ್ಷಿ ಹೇಳುತ್ತದೆ. ಬಹರೈನ್ ಅಂಚೆಯ ಕತೆ ಸ್ವಾರಸ್ಯವಾಗಿದೆ. ಇದನ್ನು ಒಂದು ಪಟ್ಟಿಯಾಗಿ ನೆನಪಿಡಿ.

1. 1884ರಲ್ಲಿ ಇಲ್ಲಿ ಅಂಚೆ ಕಚೇರಿ ತೆರೆದದ್ದು ಭಾರತದ ಅಂಚೆ ಇಲಾಖೆ. 1933ರಿಂದ ಭಾರತದ ಸ್ಟಾಂಪಿನ ಮೇಲೆ ‘ಬಹರೈನ್’ ಎಂದು ಮುದ್ರಿಸಿ ಮಾರುತ್ತಿದ್ದರು.
2. 1948ರಿಂದ ಬ್ರಿಟನ್ನಿನ ಸ್ಟಾಂಪು ಬಂತು. ರಾಜನ ಚಿತ್ರದ ಮೇಲೆ ‘ಬಹರೈನ್’ ಎಂದೂ ಆಣೆ, ರೂಪಾಯಿಯ ಬೆಲೆಯೂ ಇರುತ್ತಿತ್ತು. ರಾಣಿ ಎಲಿಜಬೆತ್ ಚಿತ್ರ ಇದ್ದರೆ ಅದು 1952ರ ನಂತರದ್ದು. 1957ರಲ್ಲಿ ಆಣೆ ಹೋಗಿ ನಯಾಪೈಸೆ ಬಂತು.
3. 1960ರಲ್ಲಿ ಶೇಖ್ ಸಲ್ಮಾನ್ ಅವರ ಚಿತ್ರದ ಸ್ಟಾಂಪು ಬಂತು, ಬೆಲೆ ನಯಾಪೈಸೆಯಲ್ಲಿ. 1964ರಲ್ಲಿ ಶೇಖ್ ಈಸಾ ಅವರ ಚಿತ್ರ ಬಂತು.
4. 1966ರಿಂದ ಅಂಚೆ ಬಹರೈನ್ ಸರಕಾರದ್ದು. ಸ್ಟಾಂಪಿನ ಬೆಲೆ ಫಿಲ್ಸ್‌ನಲ್ಲಿ.

ಹಣವೂ ಹೀಗೆಯೇ. ಇಲ್ಲಿ ಮೊದಲು ನಡೆಯುತ್ತಿದ್ದದ್ದು ನಮ್ಮ ರೂಪಾಯಿ. 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗಾಗಿಯೇ ಬೇರೆ ಬಣ್ಣದ ರೂಪಾಯಿ ನೋಟು ಹೊರಡಿಸಿತು. 1965ರಲ್ಲಿ ಬಹರೈನ್ ದಿನಾರ್ ಬಂತು. ಹಳೆಯ ಪತ್ರದಲ್ಲಿ ‘ನನ್ನ ಸಂಬಳ ಇಷ್ಟು ದಿನಾರ್’ ಎಂದಿದ್ದರೆ ಅದು 1965ಕ್ಕೆ ಮೊದಲಿನದಲ್ಲ.

ಹುಡುಗಿಯ ಮೊದಲ ಲಕೋಟೆಯಲ್ಲಿ ಇದ್ದದ್ದು ರಾಣಿಯ ಚಿತ್ರ, ಬೆಲೆ ಆಣೆಯಲ್ಲಿ. ಆದ್ದರಿಂದ ಅದು 1952ರಿಂದ 1957ರ ನಡುವಿನದು. ಎರಡನೆಯದರಲ್ಲಿ ಶೇಖ್ ಸಲ್ಮಾನ್, ನಯಾಪೈಸೆ. ಅದು 1960ರ ನಂತರದ್ದು. ಇನ್ನೂ ಖಚಿತವಾದ ವರ್ಷ ಬೇಕಿತ್ತು. ಅದು ಪತ್ರದ ಒಳಗೇ ಇತ್ತು. ‘ಹೋದ ವರ್ಷ ಡಾರಾ ಹಡಗು ಸುಟ್ಟುಹೋದ ಮೇಲೆ ನನಗೆ ಹಡಗೆಂದರೆ ಹೆದರಿಕೆ. ಆದರೂ ಮಳೆ ಮುಗಿದ ಮೇಲೆ ಬರುತ್ತೇನೆ’ ಎಂದು ಬರೆದಿದ್ದರು.

‘ಡಾರಾ’ ಎಂಬುದು ಬ್ರಿಟಿಷ್ ಇಂಡಿಯಾ ಕಂಪೆನಿಯ ಹಡಗು. ಮುಂಬೈ, ಕರಾಚಿಯಿಂದ ಕೊಲ್ಲಿಯ ಬಂದರುಗಳಿಗೆಲ್ಲ ಹೋಗಿ ಬಸ್ರಾ ಮುಟ್ಟಿ ಹಿಂದಿರುಗುತ್ತಿತ್ತು. 1961ರ ಏಪ್ರಿಲ್ 8ರಂದು ದುಬೈ ಬಳಿ ಅದರಲ್ಲಿ ಸ್ಫೋಟವಾಗಿ ಬೆಂಕಿ ಹತ್ತಿತು. 238 ಜನ ಸತ್ತರು. ಹೋದ ವರ್ಷ ಎಂದರೆ 1961. ಹಾಗಾದರೆ ಪತ್ರ 1962ರದ್ದು! ಈ ಲೆಕ್ಕ ಹುಡುಗಿಯೇ ಮಾಡಿ ನನಗೆ ತೋರಿಸಿದಳು.

ಅದೇ ಪತ್ರದಲ್ಲಿ ಇನ್ನೆರಡು ಮಾತುಗಳಿದ್ದವು. ಮುಂಬೈಯಲ್ಲಿ ಧೋಬಿತಲಾವ್ ಹತ್ತಿರ ಊರಿನವರ ಕೋಣೆಯಲ್ಲಿ ಒಂದು ತಿಂಗಳು ಇದ್ದು ಬರುತ್ತೇನೆ ಎಂಬುದು ಒಂದು. ತಂಗಿಗೆ ಸೀರೆ ತೆಗೆದಿಟ್ಟಿದ್ದೇನೆ ಎಂಬುದು ಇನ್ನೊಂದು. ಮಳೆ ಮುಗಿಯಿತು, ಕ್ರಿಸ್ಮಸ್ ಬಂತು, ಅವರು ಬರಲಿಲ್ಲ. ಅಣ್ಣ ಎರಡು ಪತ್ರ ಹಾಕಿದರು, ಉತ್ತರ ಇಲ್ಲ. ಯಾರೋ ‘ಬಸ್ರಾದಲ್ಲಿ ಕಂಡೆ, ಮದುವೆಯಾಗಿದ್ದಾನೆ’ ಎಂದರು. ಮನೆಯವರು ಅದನ್ನೇ ನಂಬಿದರು.

ಮೂರನೆಯ ಹೆಜ್ಜೆ: ಊರಿಗೆ ಆಗ ಏನು ಹೆಸರಿತ್ತು?

ಹಳೆಯ ದಾಖಲೆ ಹುಡುಕುವಾಗ ಇಂದಿನ ನಕ್ಷೆ ಮಡಚಿಡಬೇಕು. ಇಂದಿನ ಉಡುಪಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೆ ಮೊದಲು ಅದು ದಕ್ಷಿಣ ಕನ್ನಡ. ಅದಕ್ಕೂ ಮೊದಲು, ಅಂದರೆ 1956ರ ನವೆಂಬರ್ 1ರವರೆಗೆ, ‘ಸೌತ್ ಕೆನರಾ’ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಕಾಸರಗೋಡು ಕೂಡ ಅದರೊಳಗೇ ಇತ್ತು. ಕಾರವಾರದವರು ಆಗ ಮುಂಬೈ ರಾಜ್ಯದವರು, ಬೀದರ, ಕಲಬುರ್ಗಿಯವರು ಹೈದರಾಬಾದಿನವರು. ನಮ್ಮ ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರಲ್ಲಿ. ಆದ್ದರಿಂದ 1950ರ ಪಾಸ್‌ಪೋರ್ಟಿನಲ್ಲಿ ನಿಮ್ಮ ಅಜ್ಜನ ರಾಜ್ಯ ‘ಮದ್ರಾಸ್’ ಎಂದಿದ್ದರೆ ಅದು ಬೇರೆ ಯಾರದೋ ಎಂದು ಬಿಟ್ಟುಬಿಡಬೇಡಿ.

ಇನ್ನೊಂದು ಮಾತು. ಪರವೂರಿನಲ್ಲಿ ‘ನಿಮ್ಮ ಊರು ಯಾವುದು?’ ಎಂದರೆ ಬೈಂದೂರಿನವರೂ ‘ಮಂಗಳೂರು’, ಬಂಟವಾಳದವರೂ ‘ಮಂಗಳೂರು’. ಹೇಳುವಾಗ ಸುಲಭ, ಮುಂದೆ ಹುಡುಕುವವರಿಗೆ ಕಷ್ಟ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಮತ್ತೆ ಬರುತ್ತದೆ.

ನಾಲ್ಕನೆಯ ಹೆಜ್ಜೆ: ಊರಿನ ಪುಸ್ತಕಗಳು

ಊರು ತಿಳಿದರೆ ಅಲ್ಲಿನ ಪುಸ್ತಕಗಳನ್ನು ಕೇಳಬಹುದು. ಎಲ್ಲ ಮನೆತನಕ್ಕೂ ಯಾವುದಾದರೊಂದು ಪುಸ್ತಕ ಇದ್ದೇ ಇದೆ.

ಶಾಲೆಯ ದಾಖಲಾತಿ ಪುಸ್ತಕ: ಇದು ಎಲ್ಲ ಜಾತಿ, ಮತದವರಿಗೂ ಸಮಾನ. ಹುಡುಗನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಶಾಲೆ ಬಿಟ್ಟ ದಿನ ಇದರಲ್ಲಿ ಇರುತ್ತವೆ. ಹುಟ್ಟಿದ ದಿನವನ್ನು ಮಾತ್ರ ಪೂರ್ತಿ ನಂಬಬೇಡಿ. ಮಗುವನ್ನು ಸೇರಿಸಿಕೊಳ್ಳಲು ಹೆಡ್‌ಮಾಸ್ಟರರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ಅದಕ್ಕೇ ನಮ್ಮ ಅಜ್ಜಂದಿರಲ್ಲಿ ಎಷ್ಟೋ ಜನರ ಹುಟ್ಟುಹಬ್ಬ ಒಂದೇ ದಿನ!

ಜಮೀನಿನ ಕಾಗದ: ಪಹಣಿ, ಪಾಲುಪಟ್ಟಿ, 1974ರ ಭೂಸುಧಾರಣೆಯ ನಂತರ ಗೇಣಿದಾರರು ಕೊಟ್ಟ ಡಿಕ್ಲರೇಶನ್ ಕಡತ ಇವೆಲ್ಲ ತಾಲೂಕು ಕಚೇರಿಯ ಕಡೆಗೆ ಸಿಗುತ್ತವೆ. ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ಪಾಲಾಗುವಾಗ ಬರೆಸಿದ ಸಂತತಿಯ ಪಟ್ಟಿಯಲ್ಲಿ ತಾಯಿಯ ಕಡೆಯ ಮೂರು ನಾಲ್ಕು ತಲೆಮಾರು ಸಾಲಾಗಿ ನಿಂತಿರುತ್ತದೆ.

ಮಸೀದಿಯ ನಿಕಾಹ್ ಪುಸ್ತಕ: ವಧೂವರರ ಜೊತೆ ತಂದೆಯ ಹೆಸರು, ಸಾಕ್ಷಿಗಳ ಹೆಸರು ಅದರಲ್ಲಿ ಇರುತ್ತದೆ. ಸಾಕ್ಷಿಗಳು ಸಾಮಾನ್ಯವಾಗಿ ಹತ್ತಿರದ ನೆಂಟರೇ.

ಚರ್ಚಿನ ಪುಸ್ತಕ: ನಾರ್ವೆಯವರ ಪುಸ್ತಕಕ್ಕೆ ನಮ್ಮಲ್ಲಿ ತೀರ ಹತ್ತಿರದ್ದು ಇದೇ. ಮಂಗಳೂರಿನ ರೊಸಾರಿಯೋ ಚರ್ಚ್ 1568ರದ್ದು, ಮಿಲಾಗ್ರಿಸ್ 1680ರದ್ದು. 1784ರಲ್ಲಿ ಟಿಪ್ಪುವಿನ ಕಾಲದ ಸೆರೆಯ ವೇಳೆಗೆ ಕರಾವಳಿಯ ಚರ್ಚುಗಳು ಹಾಳಾದ್ದರಿಂದ ಅದಕ್ಕೆ ಹಿಂದಿನ ಪುಸ್ತಕ ಸಿಗುವುದು ಅಪರೂಪ. ಪ್ರೊಟೆಸ್ಟೆಂಟರಿಗೆ ಇನ್ನೊಂದು ದಾರಿ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಕಾಗದಪತ್ರ, ಹಳೆಯ ಫೋಟೋಗಳು ಸ್ವಿಜರ್ಲೆಂಡಿನ ಬಾಸೆಲ್ ನಗರದಲ್ಲಿ ಭದ್ರವಾಗಿವೆ.

ಕ್ಯಾಥೊಲಿಕರ ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು ವಿಶೇಷ ಇದೆ. ಒಬ್ಬರು ಎಲ್ಲೇ ಮದುವೆಯಾಗಲಿ, ಮದುವೆ ಮಾಡಿಸಿದ ಧರ್ಮಗುರುಗಳು ಅವರ ಜ್ಞಾನಸ್ನಾನವಾದ ಚರ್ಚಿಗೆ ತಿಳಿಸಬೇಕು. ಅಲ್ಲಿನವರು ಆ ಹೆಸರಿನ ಪಕ್ಕ, ಪುಟದ ಅಂಚಿನಲ್ಲಿ, ಮದುವೆಯ ದಿನ ಮತ್ತು ಸ್ಥಳವನ್ನು ಬರೆಯಬೇಕು. ಅಂದರೆ ಬಹರೈನ್‌ನಲ್ಲಿ 1939ರಲ್ಲಿ ಕಟ್ಟಿದ ಸೇಕ್ರೆಡ್ ಹಾರ್ಟ್ ಚರ್ಚಿನಲ್ಲಿ ಮದುವೆಯಾದವರ ಸುದ್ದಿ ಉಡುಪಿಯ ಹಳ್ಳಿಯ ಪುಸ್ತಕದ ಅಂಚಿಗೆ ಬಂದು ಸೇರುತ್ತದೆ.

ಹುಡುಗಿಯ ತಂದೆ ಊರಿನ ಚರ್ಚಿಗೆ ಹೋಗಿ ವಿನಂತಿಸಿದರು. ಧರ್ಮಗುರುಗಳು ಪುಸ್ತಕ ತೆಗೆದು ಆ ಸಾಲು ತೋರಿಸಿದರು. 1931ರಲ್ಲಿ ಜ್ಞಾನಸ್ನಾನ, ತಂದೆತಾಯಿಯ ಹೆಸರು, ಜ್ಞಾನಪಿತೃಗಳ ಹೆಸರು ಎಲ್ಲ ಇತ್ತು. ಅಂಚು ಖಾಲಿ. ಮದುವೆಯಾದ ಸುದ್ದಿ ಎಲ್ಲಿಂದಲೂ ಬಂದಿರಲಿಲ್ಲ. ಇದರಿಂದಲೇ ಮದುವೆ ಆಗಿಲ್ಲ ಎಂದು ತೀರ್ಮಾನಿಸುವಂತಿಲ್ಲ. ಆದರೂ ‘ಅಲ್ಲೇ ಮದುವೆಯಾಗಿ ಉಳಿದ’ ಎಂಬ ಮಾತಿಗೆ ಪುಸ್ತಕದ ಆಧಾರ ಇರಲಿಲ್ಲ. ದಾಖಲೆಯಲ್ಲಿ ಬರೆದದ್ದನ್ನಷ್ಟೇ ಅಲ್ಲ, ಬರೆಯದೆ ಬಿಟ್ಟದ್ದನ್ನೂ ಓದಬೇಕು.

ಐದನೆಯ ಹೆಜ್ಜೆ: ಒಬ್ಬನೇ ಮನುಷ್ಯ, ಹಲವು ಹೆಸರು

ಮನೆಯಲ್ಲಿ ಕರೆಯುವ ಹೆಸರೇ ದಾಖಲೆಯಲ್ಲಿ ಇರುತ್ತದೆ ಎಂದು ಭಾವಿಸಬೇಡಿ. ಹಳೆಯ ಚರ್ಚ್ ಪುಸ್ತಕದ ಭಾಷೆ ಲ್ಯಾಟಿನ್. ಮನೆಯ ‘ಜುಜೆ’ ಪುಸ್ತಕದಲ್ಲಿ ‘ಜೋಸೆಫುಸ್’, ಪಾಸ್‌ಪೋರ್ಟಿನಲ್ಲಿ ‘ಜೋಸೆಫ್’. ‘ಇನಾಸ್’ ಎಂದರೆ ‘ಇಗ್ನೇಷಿಯಸ್’, ‘ಬಸ್ತ್ಯಾಂವ್’ ಎಂದರೆ ‘ಸೆಬಾಸ್ಟಿಯನ್’. ಹಿಂದೂಗಳಲ್ಲೂ ಹಾಗೆಯೇ. ಶಾಲೆಯ ‘ಮಂಜಯ್ಯ’ ಮುಂಬೈಯಲ್ಲಿ ‘ಮಂಜುನಾಥ’ ಆಗಬಹುದು, ಇಂಗ್ಲಿಷಿನಲ್ಲಿ ಬರೆದ ಗುಮಾಸ್ತ ಅದನ್ನು ‘ಮುಂಜನಾಥ್’ ಮಾಡಬಹುದು. ಅರಬಿಯಲ್ಲಿ ‘ಪ’ ಅಕ್ಷರ ಇಲ್ಲ, ಆದ್ದರಿಂದ ‘ಪೂಜಾರಿ’ ಇಲ್ಲಿನ ಕಾಗದದಲ್ಲಿ ‘ಬೂಜಾರಿ’ ಆಗಿ ಕಂಡರೆ ಆಶ್ಚರ್ಯ ಪಡಬೇಡಿ.

ಹಾಗಾದರೆ ನಮ್ಮವರೇ ಎಂದು ಖಚಿತಪಡಿಸುವುದು ಹೇಗೆ? ನಾನು ಮಕ್ಕಳಿಗೆ ಹೇಳುವ ಸೂತ್ರ ಇಷ್ಟೇ. ಹೆಸರು, ತಂದೆಯ ಹೆಸರು, ವಯಸ್ಸು, ಊರು ಈ ನಾಲ್ಕರಲ್ಲಿ ಮೂರಾದರೂ ಕೂಡಿಬರಬೇಕು. ಹೆಸರು ಒಂದೇ ಕೂಡಿದರೆ ಅದು ಊಹೆ, ದಾಖಲೆಯಲ್ಲ.

ಆರನೆಯ ಹೆಜ್ಜೆ: ಹಡಗು, ಪಾಸ್‌ಪೋರ್ಟ್, ಬಹರೈನ್

ಹಳೆಯ ಪಾಸ್‌ಪೋರ್ಟ್ ಮನೆಯಲ್ಲಿ ಇದ್ದರೆ ಅದು ಭಂಡಾರ. ಹುಟ್ಟಿದ ಸ್ಥಳ, ಎತ್ತರ, ಮುಖದ ಗುರುತು, ಹೋಗಲು ಅನುಮತಿ ಇದ್ದ ದೇಶಗಳ ಹೆಸರು, ಬಂದರುಗಳ ಮುದ್ರೆ ಎಲ್ಲ ಸಿಗುತ್ತದೆ. 1983ರ ವಲಸೆ ಕಾಯಿದೆಯ ನಂತರದ ಪಾಸ್‌ಪೋರ್ಟುಗಳಲ್ಲಿ ‘ವಲಸೆ ತಪಾಸಣೆ ಬೇಕು’ ಎಂಬ ಮುದ್ರೆ ನೋಡಬಹುದು. ಮುಂಬೈಯಿಂದ ಕೊಲ್ಲಿಗೆ ಬರುತ್ತಿದ್ದ ‘ದ್ವಾರಕಾ’ ಹಡಗು ನಿಂತದ್ದು 1982ರಲ್ಲಿ. ಅಜ್ಜ ಹಡಗಿನಲ್ಲಿ ಬಂದವರಾದರೆ ಅದಕ್ಕೆ ಮೊದಲೇ ಬಂದಿರುವುದು ಹೆಚ್ಚು ಸಂಭವ.

ಬ್ರಿಟಿಷರ ಕಾಲದ ಬಹರೈನ್ ಕಡತಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳಲ್ಲಿ ಅನೇಕವನ್ನು ಕತಾರ್ ಡಿಜಿಟಲ್ ಲೈಬ್ರರಿ 2014ರಿಂದ ಉಚಿತವಾಗಿ ತೋರಿಸುತ್ತಿದೆ. ಒಬ್ಬೊಬ್ಬ ಕೆಲಸಗಾರನ ಹೆಸರು ಅಲ್ಲಿ ಸಿಗುವುದು ಅದೃಷ್ಟದ ಮಾತು. ಅವರು ಬದುಕಿದ ಕಾಲ ಹೇಗಿತ್ತು ಎಂಬುದಂತೂ ತಿಳಿಯುತ್ತದೆ. ಬಹರೈನ್ ಕನ್ನಡ ಸಂಘ 1977ರಿಂದ ಇದೆ. ಇಂಥ ಸಂಘಗಳ ಹಳೆಯ ಸ್ಮರಣ ಸಂಚಿಕೆ, ನಾಟಕದ ಕರಪತ್ರ, ಗುಂಪು ಫೋಟೋ ಕೂಡ ದಾಖಲೆಯೇ. ಫೋಟೋದ ಹಿಂಬದಿ ನೋಡಲು ಮರೆಯಬೇಡಿ.

ನಮ್ಮ ಸಣ್ಣಜ್ಜನ ಲಕೋಟೆಯ ಹಿಂದೆ ಇದ್ದದ್ದು ಅವಾಲಿಯ ವಿಳಾಸ. ಎಣ್ಣೆ ಕಂಪೆನಿಗಾಗಿ ಕಟ್ಟಿದ ಊರು ಅದು. ನಮ್ಮ ಹುಡುಗಿ ಎಷ್ಟೋ ಸಲ ಶಾಲೆಯ ಬಸ್ಸಿನಲ್ಲಿ ಆ ದಾರಿಯಾಗಿ ಹೋಗಿದ್ದಾಳೆ.

ಸಿಕ್ಕಿದ ಉತ್ತರ

ಈಗ ನಮ್ಮ ಕೈಯಲ್ಲಿ ಇದ್ದದ್ದು ವರ್ಷ 1962, ಸ್ಥಳ ಮುಂಬೈಯ ಧೋಬಿತಲಾವ್, ತಂದೆಯ ಹೆಸರು, ಹುಟ್ಟಿದ ವರ್ಷ. ಆ ಭಾಗದ ಒಂದೆರಡು ಚರ್ಚುಗಳ ಕಚೇರಿಗೆ ಪತ್ರ ಬರೆಯುವುದೆಂದು ನಿಶ್ಚಯಿಸಿದೆವು. ವಿಚಾರಣೆಯ ಪತ್ರ ಬರೆಯುವುದೂ ಒಂದು ಪಾಠ. ‘ನಮ್ಮ ಅಜ್ಜನ ಬಗ್ಗೆ ಇರುವುದೆಲ್ಲ ಕಳಿಸಿ’ ಎಂದರೆ ಯಾರಿಗೂ ಹುಡುಕಲು ಆಗದು. ನಾವು ಯಾರು, ಅವರಿಗೆ ಏನಾಗಬೇಕು, ಹೆಸರಿನ ಮೂರು ಬಗೆಯ ಕಾಗುಣಿತ, ತಂದೆಯ ಹೆಸರು, ಹುಟ್ಟಿದ ವರ್ಷ, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ನೋಡಬೇಕು ಇಷ್ಟನ್ನು ಒಂದೇ ಪುಟದಲ್ಲಿ ಬರೆದೆವು. ಹುಡುಕುವ ಶುಲ್ಕ ಕೊಡುತ್ತೇವೆ ಎಂದೂ ಸೇರಿಸಿದೆವು.

ಮೂರು ವಾರ ಕಳೆದು ಒಂದು ಚರ್ಚಿನಿಂದ ಉತ್ತರ ಬಂತು. 1962ರ ಅಕ್ಟೋಬರ್ ತಿಂಗಳ ಮರಣದ ಪುಸ್ತಕದಲ್ಲಿ ಒಂದು ಸಾಲು ಇತ್ತು. ಹೆಸರು ಸರಿ, ಮನೆತನದ ಹೆಸರಿನ ಕಾಗುಣಿತ ತಪ್ಪು. ತಂದೆಯ ಹೆಸರು ಸರಿ. ವಯಸ್ಸು 31. ಕಾರಣ ವಿಷಮಶೀತ ಜ್ವರ. ಷರಾ ಎಂಬಲ್ಲಿ ‘ಬಹರೈನ್‌ನಿಂದ ಬಂದವರು’. ಊರು ಎಂಬಲ್ಲಿ ಒಂದೇ ಪದ, ‘ಮ್ಯಾಂಗಲೋರ್’. ಹತ್ತಿರದ ಸಂಬಂಧಿಕರು ಎಂಬ ಜಾಗ ಖಾಲಿ.

ನಾಲ್ಕರಲ್ಲಿ ಮೂರು ಕೂಡಿಬಂದಿತ್ತು. ಅವರು ಮನೆ ಮರೆತಿರಲಿಲ್ಲ. ಮಳೆ ಮುಗಿದ ಮೇಲೆ ಹೇಳಿದಂತೆಯೇ ಹೊರಟಿದ್ದರು, ಮುಂಬೈವರೆಗೆ ಬಂದಿದ್ದರು. ಜ್ವರದಲ್ಲಿ ಸತ್ತವನ ಸುದ್ದಿಯನ್ನು ಯಾರಿಗೆ ತಿಳಿಸುವುದು? ‘ಮ್ಯಾಂಗಲೋರ್’ ಎಂಬ ಒಂದೇ ಪದ ಹಿಡಿದು ಯಾವ ಮನೆ ಹುಡುಕುವುದು? ಅಷ್ಟು ಸಣ್ಣ ಕಾರಣಕ್ಕೆ ಒಬ್ಬ ಮನುಷ್ಯನ ಮೇಲೆ ಅರುವತ್ತು ವರ್ಷ ಅಪವಾದ ಉಳಿಯಿತು.

ಹುಡುಗಿ ಫೋನಿನಲ್ಲಿ ಅಜ್ಜಿಗೆ ವಿಷಯ ಹೇಳಿದಳು. ಅಜ್ಜಿ ತುಂಬಾ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ ‘ಹಾಗಾದರೆ ಅವನು ಬರುತ್ತಾ ಇದ್ದ’ ಎಂದರಂತೆ. ಆ ಭಾನುವಾರ ಊರಿನ ಚರ್ಚಿನಲ್ಲಿ ಆ ಸಣ್ಣಜ್ಜನ ಹೆಸರಿನಲ್ಲಿ ಪೂಜೆ ಹೇಳಿಸಿದರು. ಮನೆಯ ಗೋಡೆಯ ಮೇಲೆ ಈಗ ಪೆಟ್ಟಿಗೆಯ ಆ ಫೋಟೋ ಇದೆ.

ನೀವು ಮಾಡಬೇಕಾದದ್ದು

1. ಈ ರಜೆಯಲ್ಲಿ ಮನೆಯ ಅತ್ಯಂತ ಹಿರಿಯರ ಬಳಿ ಒಂದು ಗಂಟೆ ಕುಳಿತುಕೊಳ್ಳಿ. ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಿ.
2. ಹಳೆಯ ಪತ್ರ, ಲಕೋಟೆ, ಪಾಸ್‌ಪೋರ್ಟ್ ಎಸೆಯಲು ಬಿಡಬೇಡಿ. ಲಕೋಟೆಯಿಂದ ಸ್ಟಾಂಪು ಕೀಳಬೇಡಿ.
3. ಫೋಟೋದ ಹಿಂದೆ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆಯಿರಿ.
4. ಎಲ್ಲದರ ಎರಡು ಪ್ರತಿ ಮಾಡಿ, ಒಂದು ಇಲ್ಲಿ, ಒಂದು ಊರಿನಲ್ಲಿ ಇಡಿ. ನಾರ್ವೆಯವರ ನಿಯಮ ನೆನಪಿದೆಯಲ್ಲ?
5. ಬದುಕಿರುವವರ ವಿಷಯವನ್ನು ಅವರ ಒಪ್ಪಿಗೆ ಇಲ್ಲದೆ ಯಾರಿಗೂ ತೋರಿಸಬೇಡಿ. ಹಳೆಯ ಪುಸ್ತಕದಲ್ಲಿ ನೋವಿನ ವಿಷಯಗಳೂ ಸಿಗುತ್ತವೆ, ಗೌರವದಿಂದ ಓದಿ.
6. ಯಾವ ಅರ್ಜಿ ತುಂಬಿದರೂ ‘ಸ್ವಂತ ಊರು’ ಎಂಬಲ್ಲಿ ಮನೆ ಹೆಸರು, ಗ್ರಾಮ, ತಾಲೂಕು, ಜಿಲ್ಲೆ ಪೂರ್ತಿ ಬರೆಯಿರಿ. ‘ಮಂಗಳೂರು’ ಎಂದಷ್ಟೇ ಬರೆದು ಬಿಡಬೇಡಿ.

ಮಕ್ಕಳೇ, ನಿಮ್ಮ ಮುಂದೆಯೂ ದೇಶ ಸುತ್ತುವ ಕಾಲ ಇದೆ. ಇಲ್ಲಿಂದ ಓದಲು, ದುಡಿಯಲು ಎಲ್ಲೆಲ್ಲಿಗೋ ಹೋಗುತ್ತೀರಿ. ನೂರು ವರ್ಷದ ನಂತರ ಯಾವುದೋ ಊರಿನ ಒಂದು ಮಗು ನಿಮ್ಮ ಹೆಸರು ಹುಡುಕಬಹುದು. ಆ ಮಗುವಿಗೆ ಸಿಗುವ ಹಾಗೆ ನಿಮ್ಮ ಹೆಸರು, ನಿಮ್ಮ ಊರು ಸರಿಯಾಗಿ ಬರೆದಿಡಿ.

ಅಂದ ಹಾಗೆ, ಮೂರು ವಾಕ್ಯ ಬರೆದಿದ್ದ ಆ ಹುಡುಗಿ ಮನೆಗೆಲಸವನ್ನು ತಿದ್ದಿ ಮತ್ತೆ ತಂದುಕೊಟ್ಟಳು. ಈ ಸಲ ಹತ್ತು ವಾಕ್ಯ ಇತ್ತು. ಪೂರ್ಣ ಅಂಕ ಕೊಟ್ಟೆ.

– ಕನ್ನಡ ಅಧ್ಯಾಪಕಿ, ಬಿ.ಎ., ಬಿ.ಎಡ್.